ಹೊಸ ಬೆಕ್ಕನ್ನು ನೋಡಬಾರದು

ಕೋಡಿಬಾಗದ ಅಕ್ಕನ ಮನೆಗೆ ಹೊಸ ಬೆಕ್ಕು ಬಂದರೆ ಒಂದು ನೇಮವಿದೆ. ಅದನ್ನು ಒಲೆಯ ಹತ್ತಿರ ಬಿಟ್ಟು, ಮುಂದೆ ಒಂದು ಬಂಗುಡೆ ಮೀನು ಇಟ್ಟು, ಎಲ್ಲರೂ ಮುಖ ತಿರುಗಿಸಿ ಕೂರಬೇಕು. ಮೊದಲ ತುತ್ತು ತಿನ್ನುವ ತನಕ ಯಾರೂ ನೋಡಬಾರದು. ಮೀನು ಮಾರುವ ನನ್ನ ಅಕ್ಕ ಇದನ್ನು ಮುರಿದದ್ದು ನಾನು ಕಂಡಿಲ್ಲ. ಆದರೆ ಇದು ಮೊಬೈಲಿಗೂ ಅನ್ವಯಿಸುತ್ತದೆಂದು ಕಳೆದ ಚಳಿಗಾಲದವರೆಗೆ ಗೊತ್ತಿರಲಿಲ್ಲ.

ಅಕ್ಕನ ಮಗಳು ಪಶುವೈದ್ಯೆ, ಹಿಮಾಲಯದ ತಪ್ಪಲಿನ ಒಂದು ಮೃಗಾಲಯದಲ್ಲಿ ಕೆಲಸ. ಅಲ್ಲಿಗೆ ಬೇರೆ ಊರಿನಿಂದ ಹೆಣ್ಣು ಹಿಮಚಿರತೆಯೊಂದು ಬಂತು. ಆರೈಕೆಯ ಹೊಣೆ ಇವಳದು. ಚಿರತೆ ಪಂಜರದಿಂದ ಇಳಿದದ್ದೇ ಕೋಣೆಯ ಮೂಲೆ ಸೇರಿತು. ಮಾಂಸ ಮುಟ್ಟಲಿಲ್ಲ.

"ತಿಂತೇ ಇಲ್ಲ ಅವ್ವಾ," ಎಂದಳು ಒಂದು ಸಂಜೆ ವಿಡಿಯೋ ಕರೆಯಲ್ಲಿ. "ಹೀಗೇ ಆದ್ರೆ ಮದ್ದು ಹೊಡ್ದು ಮಲಗ್ಸಿ ಸಲೈನ್ ಹಾಕ್ಬೇಕು. ಮತ್ತೆ ಎದ್ದೇ ಏಳ್ತದೆ ಅಂತ ಹೇಳುಕೆ ಬರೂದಿಲ್ಲ. ನೋಡು." ಚಿರತೆಯ ಕೋಣೆಯ ಕ್ಯಾಮೆರಾದ ದೃಶ್ಯ ಬರುತ್ತಿದ್ದ ಕಂಪ್ಯೂಟರಿನತ್ತ ಫೋನು ತಿರುಗಿಸಿದಳು.

ಅಕ್ಕ ತಟ್ಟನೆ ಗೋಡೆಯ ಕಡೆ ತಿರುಗಿದಳು. "ತಿನ್ನೂ ತನಕ ನಾ ನೋಡೂದಿಲ್ಲ. ನೀನೂ ನೋಡ್ಬೇಡ."

"ಅದು ಕ್ಯಾಮೆರಾ ಅವ್ವಾ! ನಿನ್ನ ಕಣ್ಣು ಇಲ್ಲಿಗೆ ಮುಟ್ಟೂದಿಲ್ಲ."

"ನಿನ್ನ ಅಳುದನಿ ಇಲ್ಲಿಗೆ ಮುಟ್ಟೂದಿಲ್ವಾ? ಹಂಗೇ ಅದು."

ನೋಡದೆ ವರದಿ ಮಾಡುವ ಅಭ್ಯಾಸ ನನಗಿಲ್ಲ, ಅಕ್ಕನ ಪಕ್ಕದಲ್ಲೇ ಕೂತು ನೋಡಿದೆ. ಬೂದು ಮೈ, ಕಪ್ಪು ಉಂಗುರಗಳು. ದಪ್ಪ ಬಾಲವನ್ನು ಮೂಗಿನ ಮೇಲೆ ಹೊದ್ದುಕೊಂಡಿತ್ತು. ಮಾಂಸ ಇಟ್ಟಲ್ಲೇ ಇತ್ತು.

"ಎಂತ ಮಾಡ್ತದೆ ತಮ್ಮಾ?" ಅಕ್ಕ ಗೋಡೆಗೇ ಕೇಳಿದಳು.

"ನೋಡಬಾರದು ಅಂದೆಯಲ್ಲ?"

"ನೋಡ್ಬಾರ್ದು ಹೇಳ್ದೆ. ಕೇಳ್ಬಾರ್ದು ಹೇಳಿದ್ನಾ?"

ಮಾರನೆಯ ದಿನ ಅಂಕೋಲೆಯ ತವರಿಗೆ ಇಬ್ಬರೂ ಹೊರಟಿದ್ದೆವು. ಬಸ್ಸಿನಲ್ಲಿ ಅವಳು ತಾನಾಗಿಯೇ ಮಾತು ತೆಗೆದಳು. "ನಾ ಮದ್ವೆಯಾಗಿ ಬಂದಾಗ ಅನ್ನ ಗಂಟಲಲ್ಲಿ ಇಳೀಲಿಲ್ಲ. ಮನೆತುಂಬ ಜನ ನನ್ನ ಬಾಯೇ ನೋಡ್ತಿದ್ರು. ಅತ್ತೆ ಎಲ್ಲರನ್ನೂ ಹೊರಗೆ ಓಡ್ಸಿ, ತಾನು ಗೋಡೆ ಬದಿಗೆ ತಿರುಗಿ ಬಲೆ ಹೆಣೀತಾ ಕುಂತ್ರು. ಆಗ ಉಂಡೆ."

ಕೆಲವು ದಿನ ಕಳೆದು ಒಂದು ಬೆಳಿಗ್ಗೆ, ಅಕ್ಕ ಮೀನು ಹೆಚ್ಚುತ್ತಿದ್ದಾಗ ಕರೆ ಬಂತು.

"ಅವ್ವಾ, ತಿಂತು! ಕಂಬಿಗೆ ಗೋಣಿ ಕಟ್ಟಿ ಎಲ್ಲರೂ ದೂರ ಹೋದ್ವಿ. ನೀ ಹೇಳಿದ್ದಕ್ಕಲ್ಲ ಮತ್ತೆ, ಇಲ್ಲೂ ಹೊಸದಕ್ಕೆ ಮರೆ ಕಟ್ತಾರೆ."

ಗೋಣಿಯಿಂದಲೋ ಹಸಿವಿನಿಂದಲೋ, ನಾನು ಹೇಳಲಾರೆ. ಅಕ್ಕ ಕೈ ತೊಳೆದು ಸೆರಗಿಗೆ ಒರೆಸಿ ಫೋನು ಹಿಡಿದಳು. ಚಿರತೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ಮಲಗಿತ್ತು.

"ಅಯ್ಯ, ಮುಖ ತೋರ್ಸೂದಿಲ್ವನೆ ಇದು?"

"ಇಷ್ಟು ದಿನ ನೀ ತಿರುಗಿ ಕುಂತಿದ್ದೆ. ಈಗ ಅದರ ಪಾಳಿ."

ಅಕ್ಕ ನಕ್ಕಳು. ಆಮೇಲೆ ಪರದೆಯಲ್ಲಿ ಮತ್ತೆ ಕಂಡ ಮಗಳ ಮುಖವನ್ನು ನೋಡಿದಳು. ಕೆನ್ನೆ ಇಳಿದಿತ್ತು.

"ನೀ ಉಂಡ್ಯಾ ಮಗಾ?"

ಆ ಕಡೆ ಊಟದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಬಂತು.

ಅಕ್ಕ ಫೋನನ್ನು ಉಪ್ಪಿನ ಭರಣಿಗೆ ಒರಗಿಸಿಟ್ಟು ಗೋಡೆಯ ಕಡೆ ತಿರುಗಿ ಕುಳಿತಳು. ಈ ಸಲ ನಾನೂ ತಿರುಗಿದೆ.