ಮಲ್ಕಪ್ಪನಿಗೆ ತೊಡಿಸಿದ ಟೆರಿಲಿನ್ ಶರ್ಟು

ಇವತ್ತು ಮಧ್ಯಾಹ್ನ ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗಿನ ಗೇಟಿನ ಮುಂದೆ ಒಂದು ಬಿಳಿ ಕುದುರೆ ಬಂದು ನಿಂತಿತು. ಮೂರನೇ ಮಾಳಿಗೆಯ ಹುಡುಗನ ಮದುವೆ ಮೆರವಣಿಗೆಗೆ. ವರನಿಗೆ ಇನ್ನೂ ಪೇಟ ಸುತ್ತುತ್ತಿದ್ದರು, ಬ್ಯಾಂಡಿನವರು ಆಗಷ್ಟೇ ಟೆಂಪೋದಿಂದ ಇಳಿಯುತ್ತಿದ್ದರು. ನಾನು ಊಟ ಮುಗಿಸಿ ಮೊದಲನೇ ಮಾಳಿಗೆಯ ಬಾಲ್ಕನಿಯಲ್ಲಿ ಕೂತಿದ್ದೆ. ಬೆವರು, ಹುಲ್ಲು, ಲದ್ದಿ ಎಲ್ಲ ಕೂಡಿದ ವಾಸನೆ ನೆಟ್ಟಗೆ ಮೇಲೆ ಬಂತು. "ಥೂ, ಬಾಗಿಲಾ ಹಾಕ್ರಿ" ಎಂದಳು ನನ್ನ ಹೆಂಡತಿ ಒಳಗಿನಿಂದ. ನಾನು ಹಾಕಲಿಲ್ಲ. ಹೇಳಿದರೆ ನಗುತ್ತೀರಿ, ಆ ವಾಸನೆಗೆ ನನ್ನ ಕಣ್ಣು ತುಂಬಿ ಬಂದವು.

ಕಾರಣ ಮಲ್ಕಪ್ಪ. ಅರವತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನಿನ್ನೂ ಮದುವೆಯಾಗದೆ ಭಾಂಡುಪಿನ ಚಾಳಿನ ಒಂದು ಖೋಲಿಯಲ್ಲಿದ್ದೆ. ಒಂದು ಬೆಳಿಗ್ಗೆ ನಮ್ಮ ಸೋದರಮಾವನ ಚೀಟಿ ಹಿಡಿದು ಈತ ಬಾಗಿಲಲ್ಲಿ ನಿಂತಿದ್ದ. ನಲವತ್ತರ ಆಳು, ತಲೆಗೆ ರುಮಾಲು, ಬಗಲಲ್ಲಿ ಸುರುಳಿ ಸುತ್ತಿದ ಕರಿ ಕಂಬಳಿ. ನಮ್ಮೂರು ಬಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದವನು. ಅವನ ಅಪ್ಪನೂ ಅಜ್ಜನೂ ಅದೇ ಕೆಲಸ ಮಾಡಿದವರು. ಅವನ ಹೆಣ್ಣುಕುದುರೆ ಹೊಟ್ಟೆಶೂಲೆ ಬಂದು ಸತ್ತಿತ್ತು, ಇನ್ನೊಂದು ಕೊಳ್ಳುವ ತಾಕತ್ತಿರಲಿಲ್ಲ.

"ಕುದುರಿ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ರಿ," ಎಂದ. "ಈ ಪರದೇಶದಾಗ ನೀವೊಬ್ರ ನನಗ ಗುರ್ತಿನವ್ರು. ಎಲ್ಲ್ಯಾರ ಒಂದು ಲಾಯದಾಗ ಹಚ್ಚಿ ಕೊಡ್ರಿ."

ಮುಂಬಯಿ ಅವನಿಗೆ ಪರದೇಶ. ನಾನೋ, ಅಲ್ಲಿ ಮೂರು ವರ್ಷ ಕಳೆದ ಮಹಾ ಅನುಭವಿ! ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಒಂಬತ್ತು ಐದರ ಲೋಕಲ್ ರೈಲಿನಲ್ಲಿ ಮೂರನೇ ಡಬ್ಬಿಯ ಬಾಗಿಲಿನ ಜಾಗ ನನಗೆ ಖಾಯಂ ಎಂಬುದೇ ಒಂದು ದೊಡ್ಡಸ್ತಿಕೆ. ಊರಿನವರು ಬಂದರೆ ಬೇಕೆಂದೇ ಮಾತಿನಲ್ಲಿ ಹಿಂದಿ ಬೆರೆಸುತ್ತಿದ್ದೆ. ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಬಿಗಿಯಬೇಕು ಎನಿಸುತ್ತದೆ.

ಅವನ ಕಂಬಳಿಯಿಂದ ಖೋಲಿಯೆಲ್ಲ ಕುದುರೆಯ ವಾಸನೆ. ಆ ಸತ್ತ ಕುದುರೆಗೆ ಚಳಿಯಲ್ಲಿ ಹೊದಿಸುತ್ತಿದ್ದದ್ದಂತೆ ಅದು. ಪಕ್ಕದ ಖೋಲಿಯ ಮರಾಠಿ ಹೆಂಗಸು ಮೂಗಿಗೆ ಸೆರಗು ಹಿಡಿದು ಓಡಾಡಿದಳು. ನನಗೆ ಮೈಯೆಲ್ಲ ನಾಚಿಕೆ.

ಭಾನುವಾರ ಅವನನ್ನು ಕರೆದುಕೊಂಡು ವಿಕ್ಟೋರಿಯಾ ಕುದುರೆಗಾಡಿಗಳು ನಿಲ್ಲುವಲ್ಲಿಗೆ ಹೋದೆ. ಗಾಡಿಯವರಿಗೆಲ್ಲ ತಮ್ಮ ತಮ್ಮ ಊರಿನವರೇ ಬೇಕು. ನಮ್ಮನ್ನು ಮಾತಾಡಿಸುವವರೇ ಇಲ್ಲ. ಅಲ್ಲೊಂದು ಕೆಂಪು ಕುದುರೆ ಬಕೀಟಿನ ನೀರಿಗೆ ಬಾಯಿ ಹಾಕದೆ ಕಾಲು ಕೆದರುತ್ತಿತ್ತು. ಮಲ್ಕಪ್ಪ ಹತ್ತಿರ ಹೋದ, ಆದರೆ ಮುಟ್ಟಲಿಲ್ಲ. ಪಕ್ಕಕ್ಕೆ ನಿಂತು, ಮುಖ ತಗ್ಗಿಸಿ, ಅದರ ಮೂಗಿನ ಹೊಳ್ಳೆಯ ಹತ್ತಿರ ಮೆಲ್ಲಗೆ ಉಸಿರು ಬಿಟ್ಟ. ಕಾದ. ಕುದುರೆ ಅವನ ರುಮಾಲು ಮೂಸಿತು, ಹೆಗಲು ಮೂಸಿತು. "ಬಾ ನಮ್ಮವ್ವಾ," ಎಂದ ಮೇಲೆಯೇ ಅವನು ಅದರ ಕುತ್ತಿಗೆಗೆ ಕೈ ಹಾಕಿದ್ದು. ಅದು ತಲೆ ತಗ್ಗಿಸಿ ಗಟಗಟ ನೀರು ಕುಡಿಯಿತು.

"ಏನಿದು ಮಂತ್ರ?" ಎಂದೆ.

"ಮಂತ್ರ ಎಲ್ಲಿದ್ರಿ! ಮೊದಲ ಗುರ್ತಾ ಹೇಳಬೇಕು. ನಾ ಯಾರಂತ ಅದಕ ತಿಳೀಬೇಕಲ್ರಿ?"

ನನಗೆ ಅದು ಬೆರಗಾಗಿ ಕಾಣಬೇಕಿತ್ತು. ಕಂಡದ್ದು ರಸ್ತೆಯಲ್ಲಿ ನಿಂತು ನಗುತ್ತಿದ್ದ ಇಬ್ಬರು ಕಾಲೇಜು ಹುಡುಗಿಯರು.

ಕೊನೆಗೆ ಆಫೀಸಿನ ಗೆಳೆಯನೊಬ್ಬ ದಾರಿ ತೋರಿಸಿದ. ಮಹಾಲಕ್ಷ್ಮಿಯ ರೇಸ್‌ಕೋರ್ಸಿನ ಕಡೆ ಯಾರೋ ಸೇಟ್‌ಜಿಯ ಲಾಯ, ಅಲ್ಲಿ ಆಳುಗಳನ್ನು ನೋಡಿಕೊಳ್ಳುವ ಜಮಾದಾರ ಅವನಿಗೆ ಪರಿಚಯ. ಶನಿವಾರ ಬನ್ನಿ, ಕುದುರೆ ಹಿಡಿಸಿ ನೋಡುತ್ತೇನೆ, ಬಲ್ಲವರೊಬ್ಬರು ಜೊತೆಗೆ ಬಂದು "ನಮ್ಮ ಮನುಷ್ಯ" ಎಂದು ಹೇಳಿದರೆ ಸಾಕು ಎಂದಿದ್ದನಂತೆ. ಮಲ್ಕಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಇದೂ ತಪ್ಪಿದರೆ ಸಿಮೆಂಟು ಹೊರುವುದೇ ಗತಿ ಎಂದು ಅವನಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ನನ್ನ ಉಪಕಾರ ಶುರುವಾಯಿತು. ರುಮಾಲು ತೆಗೆಸಿದೆ. ಸುಗಂಧದ ಸಾಬೂನು ಕೊಟ್ಟು ಎರಡು ಸಲ ಮೈ ತಿಕ್ಕಿಸಿದೆ. ನನ್ನ ಹೊಸ ಟೆರಿಲಿನ್ ಶರ್ಟು ತೊಡಿಸಿ, ಸಾಲದ್ದಕ್ಕೆ ಕುತ್ತಿಗೆಗೂ ಕಂಕುಳಿಗೂ ಪೌಡರು ಸುರಿದೆ. ಕಂಬಳಿಯನ್ನಾದರೂ ಹೆಗಲ ಮೇಲೆ ಹಾಕಿಕೊಳ್ಳುತ್ತೇನೆ ಎಂದ. "ಹುಚ್ಚೇನೋ? ಅವು ಸಾಹೇಬರ ಕುದುರಿ. ಮೂಗಿಗೆ ಉಸುರು ಬಿಡೂದು, ಅವ್ವಾ ಅಪ್ಪಾ ಅನ್ನೂದು, ಅದೆಲ್ಲ ಅಲ್ಲಿ ನಡಿಯಂಗಿಲ್ಲ. ಸೀದಾ ಹೋಗಿ ಲಗಾಮು ಹಿಡಿ. ಬಾಯಿ ಬಿಡಬ್ಯಾಡ," ಎಂದೆ.

"ಗುರ್ತಾ ಹೇಳದ ಹೆಂಗ್ರಿ?" ಎಂದ. ಆಮೇಲೆ ನನ್ನ ಮುಖ ನೋಡಿ, "ಆತ್ರಿ, ನೀವು ಹೇಳಿದಂಗ," ಎಂದ.

ಲಾಯದಲ್ಲಿ ಒಂದು ಎಳೆ ವಯಸ್ಸಿನ ಕರಿ ಕುದುರೆಯನ್ನು ಹೊರಗೆ ತಂದರು. ಮಲ್ಕಪ್ಪನ ಕಾಲು ತಾವಾಗಿ ಅದರ ಪಕ್ಕಕ್ಕೆ ಹೋದವು, ಮುಖ ತಗ್ಗಿತು. ನಾನು ಜೋರಾಗಿ ಕೆಮ್ಮಿದೆ. ಅವನು ತಟ್ಟನೆ ತಲೆಯೆತ್ತಿ ಸೀದಾ ಲಗಾಮಿಗೆ ಕೈ ಹಾಕಿದ. ಪೌಡರು ಮೆತ್ತಿಕೊಂಡ ಗುರುತಿಲ್ಲದ ಮನುಷ್ಯ ಹಾಗೆ ಮೇಲೆರಗಿದರೆ ಯಾವ ಕುದುರೆ ಸುಮ್ಮನಿದ್ದೀತು? ಹಿಂಗಾಲ ಮೇಲೆ ಎದ್ದು ನಿಂತಿತು. ಅವನು ಉರುಳಿ ಬಿದ್ದ, ಲಗಾಮು ಕೈತಪ್ಪಿತು, ಮೂವರು ಕೂಡಿ ಕುದುರೆಯನ್ನು ಹಿಡಿಯಬೇಕಾಯಿತು.

"ಇವನಿಗೆ ಕುದುರೆ ಅಂದರೇನು ಅಂತಲೇ ಗೊತ್ತಿಲ್ಲ," ಎಂದ ಜಮಾದಾರ ಹಿಂದಿಯಲ್ಲಿ. ಮೂರು ತಲೆಮಾರಿನ ಟಾಂಗಾದವನಿಗೆ! ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮನುಷ್ಯನೇನು ಇವನು?" ಎಂದು ಕೇಳಿದ.

ಶರ್ಟಿನ ಮಣ್ಣು ಕೊಡವುತ್ತ ಮಲ್ಕಪ್ಪನೂ ನನ್ನನ್ನೇ ನೋಡುತ್ತಿದ್ದ. ತಪ್ಪು ನನ್ನದು, ಅವನ ರೀತಿಯಲ್ಲಿ ಇನ್ನೊಂದು ಸಲ ಬಿಟ್ಟು ನೋಡಿ ಎಂದರೆ ಮುಗಿಯುತ್ತಿತ್ತು. ಸುತ್ತ ನಿಂತವರೆಲ್ಲ ನಗುತ್ತಿದ್ದರು. ನಾನು, "ಅಷ್ಟೇನೂ ಗೊತ್ತಿಲ್ಲ, ಯಾರೋ ಚೀಟಿ ಕೊಟ್ಟು ಕಳಿಸಿದ್ದರು," ಎಂದು ಹಿಂದಿಯಲ್ಲೇ ಹೇಳಿಬಿಟ್ಟೆ. ಬಿಜಾಪುರದ ಟಾಂಗಾದವನಿಗೆ ಹಿಂದಿ ತಿಳಿಯದೆ ಇರುತ್ತದೆಯೇ?

ಲೋಕಲ್ಲಿನಲ್ಲಿ ಅವನು ಬಯ್ಯಲಿಲ್ಲ, ಅಳಲಿಲ್ಲ. "ಶರ್ಟಿನ ಮೊಣಕೈ ಹರದೈತ್ರಿ," ಎಂದಷ್ಟೇ ಹೇಳಿದ. ಮರುದಿನ ಅದನ್ನು ಒಗೆದು, ಹೊಲಿದು, ಮಡಿಚಿ ನನ್ನ ಟ್ರಂಕಿನ ಮೇಲಿಟ್ಟು, ಕಂಬಳಿ ಸುತ್ತಿಕೊಂಡು ಹೊರಟ. ಮುಲುಂಡಿನಲ್ಲಿ ಬಿಲ್ಡಿಂಗ್ ಕಟ್ಟುವಲ್ಲಿ ನಮ್ಮ ಕಡೆಯ ಆಳುಗಳಿದ್ದರು, ಅವರೊಂದಿಗೆ ಸಿಮೆಂಟು ಹೊರಲು ನಿಂತನೆಂದು ತಿಳಿಯಿತು. ಮುಂದಿನ ಭಾನುವಾರ ಹೋಗಿ ಜಮಾದಾರನ ಕಾಲು ಹಿಡಿಯುತ್ತೇನೆ ಎಂದುಕೊಂಡೆ. ಆ ಭಾನುವಾರ ಸಿನಿಮಾ ಇತ್ತು. ಅದರ ಮುಂದಿನ ಭಾನುವಾರ ಇನ್ನೇನೋ. ಮಳೆಗಾಲ ಕಳೆದು ಮುಲುಂಡಿಗೆ ಹೋದಾಗ ಆ ತಂಡ ಎತ್ತಲೋ ಹೋಗಿತ್ತು. ಮಲ್ಕಪ್ಪ ಮತ್ತೆ ನನಗೆ ಸಿಗಲಿಲ್ಲ.

ಕೆಳಗೆ ಬ್ಯಾಂಡು ಶುರುವಾಯಿತು. ಡೋಲಿನ ಮೊದಲ ಪೆಟ್ಟಿಗೇ ಬಿಳಿ ಕುದುರೆ ಬೆದರಿತು. ಕುದುರೆಯವನು ಹಗ್ಗ ಜಗ್ಗಿದಷ್ಟೂ ಅದು ಹಿಂದೆ ಹಿಂದೆ ಸರಿಯುತ್ತಿತ್ತು. ನಾನು ಮೊಣಕಾಲು ನೋವು ಮರೆತು ಕೆಳಗಿಳಿದೆ. ಬ್ಯಾಂಡಿನವರಿಗೆ ನಿಲ್ಲಿಸಲು ಕೈ ಮಾಡಿ, ಪಕ್ಕಕ್ಕೆ ನಿಂತು, ಮುಖ ತಗ್ಗಿಸಿ, ಅದರ ಹೊಳ್ಳೆಯ ಹತ್ತಿರ ಮೆಲ್ಲಗೆ ಉಸಿರು ಬಿಟ್ಟೆ. ಕಾದೆ. ಅದು ನನ್ನ ಹೆಗಲು ಮೂಸಿತು. "ಬಾ ನಮ್ಮವ್ವಾ," ಎಂದು ಅದರ ಕುತ್ತಿಗೆಗೆ ಕೈ ಹಾಕಿದೆ. ಕುದುರೆ ತಲೆ ತಗ್ಗಿಸಿತು.

"ಚಾಚಾ, ನೀವು ಕುದುರೆಯವರಾ?" ಎಂದ ಹಗ್ಗ ಹಿಡಿದಿದ್ದವನು ಹಿಂದಿಯಲ್ಲಿ, ಬೆರಗಾಗಿ.

"ನಾನಲ್ಲಪ್ಪಾ. ಮಲ್ಕಪ್ಪ ಅಂತ ಒಬ್ಬನಿದ್ದ. ನಮ್ಮ ಊರಿನವನು, ನಮ್ಮ ಮನುಷ್ಯ," ಎಂದು ಹಿಂದಿಯಲ್ಲೇ ಹೇಳಿದೆ. ಅಷ್ಟು ಹಿಂದಿ ಆವತ್ತೂ ನನಗೆ ಬರುತ್ತಿತ್ತು.