ಬೀಗರ ಮುಂದೆ ಬಿದ್ದ ಕಾರು

ಆಗೆಲ್ಲ ನಮ್ಮೂರಿನಲ್ಲಿ ದೊಡ್ಡವರು ಆಡುವ ಆಟ ಅಂದರೆ ಎರಡೇ. ಅರಳಿಕಟ್ಟೆಯ ಮೇಲೆ ಚೌಕಾಬಾರ, ಹಬ್ಬ ಬಂದರೆ ಇಸ್ಪೀಟು. ಮೀಸೆ ಬಂದ ಗಂಡಸು ಇವೆರಡರಲ್ಲಿ ಯಾವುದನ್ನು ಆಡಿದರೂ ಯಾರೂ ಚಕಾರ ಎತ್ತುತ್ತಿರಲಿಲ್ಲ. ಇಸ್ಪೀಟಿನಲ್ಲಿ ಹೆಂಡತಿಯ ಓಲೆ ಕಳೆದುಕೊಂಡು ಬಂದವನನ್ನೂ ಮಾರನೆಯ ದಿನ ಕಟ್ಟೆಗೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಅಂಥ ಊರಿನಲ್ಲಿ ನಮ್ಮ ತಿಪ್ಪೇಶ ಚಿಕ್ಕಪ್ಪ, ಮದುವೆ ವಯಸ್ಸಿನ ಆಳು, ಕೈಯಲ್ಲಿ ರಿಮೋಟ್ ಹಿಡಿದು ಸಣ್ಣ ಕಾರು ಓಡಿಸುತ್ತಿದ್ದ. ಅದನ್ನು ಮಾತ್ರ ಊರಿಗೆ ನುಂಗಿಕೊಳ್ಳಲು ಆಗಲಿಲ್ಲ.

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನದು, ಹೊರಕೆರೆದೇವಪುರದ ಕಡೆಗೆ. ನಮ್ಮದು ಕುರಿ ಸಾಕುವ ಮನೆತನ. ಅಜ್ಜ ತೀರಿಕೊಂಡ ಮೇಲೆ ಕುರಿ, ಹೊಲ, ಯಜಮಾನಿಕೆ ಮೂರೂ ಅಪ್ಪನ ಹೆಗಲಿಗೆ ಬಂದಿದ್ದವು. ಚಿಕ್ಕಪ್ಪ ಅಪ್ಪನ ತಮ್ಮ. ದಿನಾ ಬೆಳಗ್ಗೆ ಬಸ್ಸು ಹತ್ತಿ ಚಿತ್ರದುರ್ಗದ ಟ್ರ್ಯಾಕ್ಟರ್ ಶೋರೂಮಿಗೆ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಇನ್ನು ಅಜ್ಜಿ, ಅವ್ವ, ನಾನು. ನಾನಾಗ ಐದನೇ ಕ್ಲಾಸು, ಬಾಯಿ ಬಡುಕಿ, ಎರಡು ಜಡೆ.

ನಿಜ ಹೇಳಬೇಕೆಂದರೆ ಈ ಹುಚ್ಚು ಶುರುವಾದದ್ದು ನನ್ನಿಂದಲೇ. ನಾನು ಹಟ ಹಿಡಿದೆನೆಂದು ಚಿಕ್ಕಪ್ಪ ದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಒಂದು ಕೆಂಪು ಕಾರು ತಂದುಕೊಟ್ಟ. ಮನೆಯೊಳಗಿನ ಗಾರೆಯ ಮೇಲೆ ಅದು ಬಾಣದ ಹಾಗೆ ಹೋಗುತ್ತಿತ್ತು. ಅಂಗಳದ ಮಣ್ಣಿಗಿಳಿದರೆ ಚಕ್ರ ಸುಮ್ಮನೆ ತಿರುಗುತ್ತಿತ್ತು, ಕಾರು ನಿಂತಲ್ಲೇ ನಿಂತಿರುತ್ತಿತ್ತು. ಒಂದು ವಾರಕ್ಕೆ ಅದರ ಕಥೆ ಮುಗಿಯಿತು. ನಾನು ಅತ್ತು ಸುಮ್ಮನಾದೆ. ಚಿಕ್ಕಪ್ಪ ಸುಮ್ಮನಾಗಲಿಲ್ಲ. ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿಬಿಟ್ಟಿದ್ದರು. ಒಂದು ಹೋದರೆ ಎಲ್ಲ ಹೋದಂತೆ. ಇಂಥದ್ದನ್ನು ಮಾಡಿ ಮಾರುವವರಿಗೆ ನಾಚಿಕೆಯಾಗಲ್ವ ಅಂತ ಬಹಳ ಹೊತ್ತು ಗೊಣಗಿದ.

ಹಿರಿಯೂರಿನಲ್ಲಿ ಅವನ ಗೆಳೆಯನೊಬ್ಬ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಅವನು ಹೇಳಿದನಂತೆ, ಇನ್ನೊಂದು ಜಾತಿಯ ಕಾರು ಬರುತ್ತದೆ, ಅದರ ಮೋಟಾರು ಬೇರೆ, ಗೇರು ಬೇರೆ, ಬ್ಯಾಟರಿ ಬೇರೆ, ಯಾವುದು ಹೋದರೆ ಅದನ್ನಷ್ಟೇ ಹಾಕಿಕೊಳ್ಳಬಹುದು ಅಂತ. ಆಗ ನಮ್ಮೂರಿಗೆ ಕೊರಿಯರ್ ಎಲ್ಲಿಯದು? ಗೆಳೆಯನ ಅಂಗಡಿಯ ವಿಳಾಸಕ್ಕೆ ತರಿಸಿ, ಒಂದು ಭಾನುವಾರ ಹಿರಿಯೂರಿನಿಂದ ತೊಡೆಯ ಮೇಲಿಟ್ಟುಕೊಂಡು ತಂದ. ಪೆಟ್ಟಿಗೆ ಬಿಚ್ಚಿದಾಗ ಹೊಸ ರಬ್ಬರಿನ ವಾಸನೆ ಪಡಸಾಲೆ ತುಂಬಿತು. ಮೊಣಕೈಯುದ್ದದ ಹಸಿರು ಜೀಪು, ಗುಂಡಗುಂಡನೆಯ ದೊಡ್ಡ ಗಾಲಿ, ಒಂದೊಂದು ಗಾಲಿಯೂ ಕುರಿಮರಿಯ ಕಾಲಿನ ಹಾಗೆ ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಡುತ್ತಿತ್ತು.

ಓಡಿಸಿದಾಗ ನನಗೆ ಅಳುವೇ ಬಂತು. ಅಷ್ಟು ನಿಧಾನ. ಚಿಕ್ಕಪ್ಪ ನಕ್ಕು, ಇದು ಓಡುವ ಕಾರಲ್ಲ, ಹತ್ತುವ ಕಾರು ಅಂದ. ನಮ್ಮ ಹಿತ್ತಿಲಿಗೆ ಅಂಟಿಕೊಂಡು ಒಂದು ದೊಡ್ಡ ಬಂಡೆ ಇತ್ತು. ಕೆಳಗೆ ಸಪಾಟು, ಅಲ್ಲಿ ಅವ್ವ ಸಂಡಿಗೆ ಒಣಗಿಸುತ್ತಿದ್ದಳು. ಮೇಲೆ ಹೋದಂತೆ ಕಡಿದು, ನಡುವೆ ಒಂದು ಬಿರುಕು, ಅದರಾಚೆ ನುಣ್ಣನೆಯ ಗುಂಡು ನೆತ್ತಿ. ನಮ್ಮ ಆಡುಗಳು ಚಕಚಕನೆ ಅಲ್ಲಿ ಹತ್ತಿ ನಿಲ್ಲುತ್ತಿದ್ದವು. ಚಿಕ್ಕಪ್ಪನಿಗೆ ಆ ನೆತ್ತಿಯ ಮೇಲೆ ತನ್ನ ಜೀಪು ನಿಲ್ಲಬೇಕು. ಅವನ ಆಸೆ ಅಷ್ಟೇ ಇತ್ತು, ಮತ್ತು ಅದು ಅವನಿಗೆ ಸಣ್ಣ ಆಸೆಯಾಗಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಚಿಕ್ಕಪ್ಪ ಶೋರೂಮಿನ ಪೂಜೆಗೆ ಹೋಗಿದ್ದ. ಅಜ್ಜಿ ಅಂಗಳದಲ್ಲಿ ಅಪ್ಪನ ಬೈಕು, ಸೈಕಲ್ಲು, ಕುಡುಗೋಲು, ಉಣ್ಣೆ ಕತ್ತರಿ ಎಲ್ಲವನ್ನೂ ಸಾಲಾಗಿ ಇಟ್ಟು ತೊಳೆದಳು. ಆಮೇಲೆ ಒಳಗೆ ಹೋಗಿ ಜೀಪನ್ನೂ ಎತ್ತಿಕೊಂಡು ಬಂದಳು. ಗಾಲಿ ಇದ್ದಮೇಲೆ ಅದೂ ಗಾಡಿಯೇ, ಮಗ ಆಸೆಪಟ್ಟು ತಂದದ್ದು, ಅದೊಂದನ್ನು ಬಿಟ್ಟು ಪೂಜೆ ಮಾಡಿದರೆ ಏಳಿಗೆಯಾಗುತ್ತದೆಯೇ ಅನ್ನುವುದು ಅವಳ ಲೆಕ್ಕ. ಚೊಂಬುಗಟ್ಟಲೆ ನೀರು ಸುರಿದು ತಿಕ್ಕಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮೂತಿಗೆ ಚೆಂಡು ಹೂವಿನ ಸರ ಕಟ್ಟಿ, ನಾಲ್ಕೂ ಗಾಲಿಗೆ ನಾಲ್ಕು ನಿಂಬೆಹಣ್ಣು ಕೊಟ್ಟಳು. ಅಷ್ಟು ಚೆಂದದ ಜೀಪನ್ನು ನಾನು ಮತ್ತೆ ನೋಡಿಲ್ಲ.

ಸಂಜೆ ಚಿಕ್ಕಪ್ಪ ಬಂದು ನಿಂಬೆಹಣ್ಣು ಹಾಯಿಸಲು ಸ್ವಿಚ್ ಒತ್ತಿದ. ಮುಂದಿನ ಗಾಲಿಗಳು ಚಳಿ ಬಂದವರಂತೆ ಗಡಗಡ ನಡುಗಿ, ಒಂದು ಕಡೆಗೆ ತಿರುಗಿ ನಿಂತವು. ಸುಟ್ಟ ವಾಸನೆ ಬಂತು. ಅಜ್ಜಿಯ ಮುಖ ಬಾಡಿಹೋಯಿತು. ಚಿಕ್ಕಪ್ಪ ಬಗ್ಗಿ ನೋಡಿ, ನೀರು ಕುಡಿದಿದೆ, ಒಣಗಿದರೆ ಸರಿಹೋಗುತ್ತದೆ ಅಂದ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಡುತ್ತಾರೆಂದು ಗೆಳೆಯನಿಂದ ಕೇಳಿದ್ದ. ನಮ್ಮ ಮನೆಯಲ್ಲಿ ಅಷ್ಟು ಅಕ್ಕಿ ಎಲ್ಲಿತ್ತು? ಇದ್ದದ್ದು ರಾಗಿ. ಅಜ್ಜಿ ತಾನೇ ಮುಂದೆ ಬಂದು ರಾಗಿಯ ಚೀಲ ಬಿಚ್ಚಿ, ಜೀಪನ್ನು ಒಳಗಿಟ್ಟು, ಮೇಲೆ ಮತ್ತಷ್ಟು ರಾಗಿ ಸುರಿದು ಕೈಮುಗಿದಳು.

ಅಕ್ಕಿ ದಪ್ಪ, ರಾಗಿ ಸಣ್ಣ. ಅದು ಯಾರಿಗೂ ಹೊಳೆಯಲಿಲ್ಲ. ಜೀಪು ಹೊರಗೆ ಬಂದಾಗ ಒಣಗಿತ್ತು, ಆದರೆ ಗೇರಿನೊಳಗೆ, ಗಾಲಿಯೊಳಗೆ, ಎಲ್ಲೆಂದರಲ್ಲಿ ರಾಗಿ. ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು. ಅಪ್ಪ ನೋಡಿ, ತಗೊಂಡ್ಹೋಗಿ ಗಿರಣಿಗೆ ಹಾಕು ಅಂದುಬಿಟ್ಟ.

ಚಿಕ್ಕಪ್ಪ ಮಾತ್ರ ಹಳೆಯ ಬಿಳಿ ಪಂಚೆ ಹಾಸಿಕೊಂಡು ಜಗಲಿಯ ಮೇಲೆ ಕೂತ. ದಿನಾ ಸಂಜೆ ಕೆಲಸದಿಂದ ಬಂದವನೇ ಮುಖ ತೊಳೆದು ಅಲ್ಲಿ ಕೂರುತ್ತಿದ್ದ. ಒಂದೊಂದೇ ಸ್ಕ್ರೂ ಬಿಚ್ಚಿ ನನ್ನ ಮುಂದಿನ ತಟ್ಟೆಗೆ ಹಾಕುತ್ತಿದ್ದ. ಗೇರಿನ ಹಲ್ಲುಗಳ ನಡುವಿನ ರಾಗಿಯನ್ನು ದಬ್ಬಣದ ತುದಿಯಿಂದ ಎಬ್ಬಿಸುತ್ತಿದ್ದ. ಹೊಲಿಗೆ ಮಿಷಿನ್ನಿನ ಎಣ್ಣೆ ಬಿಡುತ್ತಿದ್ದ. ಆ ಎಣ್ಣೆಯ ವಾಸನೆ, ಒಳಗಿನಿಂದ ಅವ್ವ ಒಗ್ಗರಣೆ ಹಾಕುತ್ತಿದ್ದ ಮಂಡಕ್ಕಿಯ ಘಮ, ದೊಡ್ಡಿಗೆ ಮರಳಿದ ಕುರಿಗಳ ವಾಸನೆ ಎಲ್ಲ ಸೇರಿ ಆ ಸಂಜೆಗಳು ಈಗಲೂ ಮೂಗಿನಲ್ಲಿವೆ. ಬಿಚ್ಚಿದ್ದನ್ನು ಜೋಡಿಸುವಾಗ ಒಂದು ಸ್ಕ್ರೂ ಉಳಿದುಬಿಡುತ್ತಿತ್ತು. ಮತ್ತೆ ಮೊದಲಿಂದ. ನಾನಾಗಿದ್ದರೆ ಎತ್ತಿ ಬಾವಿಗೆ ಒಗೆಯುತ್ತಿದ್ದೆ. ಅವನು ಒಮ್ಮೆಯೂ ಹುಬ್ಬು ಗಂಟಿಕ್ಕಲಿಲ್ಲ. ಅಜ್ಜಿ ಕಂಬಕ್ಕೆ ಒರಗಿಕೊಂಡು ಸಪ್ಪಗೆ ನೋಡುತ್ತಿದ್ದಳು.

“ನಿನ್ನಿಂದ ಇದರ ಹೊಟ್ಟೆ ನೋಡಂಗಾತು ಬಿಡವ್ವ,” ಅಂದ ಚಿಕ್ಕಪ್ಪ ಒಂದು ದಿನ ಅಜ್ಜಿಗೆ. “ಇಲ್ಲಾಂದ್ರೆ ನಾನು ಯಾವತ್ತು ಬಿಚ್ತಿದ್ದೆ?”

ಸುಟ್ಟುಹೋಗಿದ್ದು ರಿಮೋಟಿನ ಸಂಕೇತ ಹಿಡಿಯುವ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿ. ಅದೊಂದನ್ನು ಹಿರಿಯೂರಿನಿಂದ ತರಿಸಿ ಹಾಕಿದ. ದೀಪಾವಳಿಯ ಹೊತ್ತಿಗೆ ಜೀಪು ಮತ್ತೆ ಬಂಡೆಯ ಬುಡದಲ್ಲಿತ್ತು.

ಇಷ್ಟರಲ್ಲಿ ಅವನಿಗೆ ಬಂದಿದ್ದ ಒಂದು ಸಂಬಂಧ ಮುರಿದುಬಿದ್ದಿತ್ತು. ಹುಡುಗಿಯ ಕಡೆಯವರು ಬಸ್ಸಿಳಿದು ಚಹದಂಗಡಿಯಲ್ಲಿ ವಿಚಾರಿಸಿದ್ದಾರೆ. ಹುಡುಗ ಒಳ್ಳೆಯವನೇ, ಇನ್ನೂ ಆಟದ ಸಾಮಾನು ಬಿಟ್ಟಿಲ್ಲ ಅಷ್ಟೇ ಅಂತ ಯಾರೋ ಹಲ್ಲು ಕಿರಿದಿದ್ದಾರೆ. ಅವರು ನಮ್ಮ ಮನೆಗೂ ಬರದೆ ಮುಂದಿನ ಬಸ್ಸಿಗೆ ಹೊರಟುಹೋದರು. ಅವ್ವ ಮಾಡಿಟ್ಟ ಕೇಸರಿಬಾತನ್ನು ನಾವೇ ತಿಂದೆವು, ಯಾರಿಗೂ ಸೇರಲಿಲ್ಲ.

ಈಗ ಬಂದಿದ್ದು ಹೊಸದುರ್ಗದ ಕಡೆಯ ಸಂಬಂಧ, ಹಾಲುರಾಮೇಶ್ವರದ ಹತ್ತಿರದ ಹಳ್ಳಿ. ಹುಡುಗಿ ರೂಪಾ. ಹೊಲಿಗೆ ಕಲಿಸುತ್ತಿದ್ದಳು. ನಾವು ಹೋಗಿ ನೋಡಿ ಬಂದಾಗಿತ್ತು. ವಾಪಸ್ಸು ಬರುವಾಗ ಚಿಕ್ಕಪ್ಪ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದ. ಅವನಿಗೆ ಅವಳು ಅಷ್ಟು ಹಿಡಿಸಿದ್ದಳು. ನಮ್ಮಲ್ಲಿ ಅದಾದ ಮೇಲೆ ಹುಡುಗಿಯ ಕಡೆಯ ಹಿರಿಯರು ಗಂಡಿನ ಮನೆ ನೋಡಲು ಬರಬೇಕು, ಹುಡುಗಿ ಬರುವುದಿಲ್ಲ. ಮನೆ, ಹೊಲ, ದನಕರ, ಮಂದಿಯ ಮಾತು ಎಲ್ಲ ನೋಡಿ ಅವರು ಹೂಂ ಅಂದರೆ ಮದುವೆ, ಇಲ್ಲವಾದರೆ ಇಲ್ಲ. ಅಪ್ಪ ಹಿಂದಿನ ದಿನವೇ ಚಿಕ್ಕಪ್ಪನನ್ನು ಕೂರಿಸಿಕೊಂಡು, ಆ ಜೀಪು ಕಣ್ಣಿಗೆ ಬೀಳಕೂಡದು, ಮದುವೆಯಾದ ಮೇಲೆ ಬೇಕಾದರೆ ತಲೆಯ ಮೇಲೆ ಹೊತ್ತುಕೊ ಅಂದ. ಚಿಕ್ಕಪ್ಪ ಎದುರಾಡದೆ ಅದನ್ನು ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಯಾವ ಅಂಗಿ ಹಾಕಲಿ ಅಂತ ನನ್ನನ್ನು ಕೇಳಿದ.

ಬಂದವರು ಮೂರ್ನಾಲ್ಕು ಜನ. ಹುಡುಗಿಯ ಅಪ್ಪ ತೀರಿಕೊಂಡಿದ್ದರಿಂದ ಮಾತೆಲ್ಲ ರೂಪಾಳ ಸೋದರಮಾವನದು, ಬಿಳಿ ಪಂಚೆಯ ಜೋರು ಮನುಷ್ಯ. ಅವರ ತಂಗಿ, ಅಂದರೆ ರೂಪಾಳ ತಾಯಿ, ಅವ್ವನ ಪಕ್ಕ ಚಾಪೆಯ ಮೇಲೆ ಕೂತು ತುಟಿ ಪಿಟಕ್ ಅನ್ನಲಿಲ್ಲ. ಉಪ್ಪಿಟ್ಟು, ಮೆಣಸಿನಕಾಯಿ ಬಜ್ಜಿ ಆಯಿತು, ಕುರಿ, ಹೊಲ ನೋಡಿದ್ದಾಯಿತು. ಎಲ್ಲ ಸರಿಯಿದ್ದಂತೆಯೇ ಕಂಡಿತು. ಕೊನೆಗೆ ಎಲೆ ಅಡಿಕೆ ಮೆಲ್ಲುತ್ತಾ ಸೋದರಮಾವ ಹುಡುಗನಿಗೆ ಏನಾದರೂ ಚಟ ಇದೆಯೇ ಎಂದು ಕೇಳಿದರು. ಒಂದು ಬೀಡಿಯನ್ನೂ ಸೇದಿದವನಲ್ಲ ಅಂತ ಅಪ್ಪ ಹೇಳುತ್ತಿರುವಾಗಲೇ ಚಿಕ್ಕಪ್ಪ ಬಾಯಿಬಿಟ್ಟ.

“ನಂಗೊಂದು ಚಟ ಐತ್ರಿ. ಮದುವೆ ಆದ್ಮೇಲೂ ಬಿಡಾಕೆ ಆಗಲ್ಲ. ಈಗ್ಲೇ ಹೇಳ್ಬಿಡಾದು ಒಳ್ಳೇದು.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಅವನನ್ನು ನುಂಗುವ ಹಾಗೆ ನೋಡಿದ. ಚಿಕ್ಕಪ್ಪ ಏಣಿ ಹತ್ತಿ ಕಂಬಳಿಯ ಗಂಟು ಇಳಿಸಿದ. ಸೋದರಮಾವನ ಮುಖ ನೋಡಿದರೆ ಗಂಟಿನಲ್ಲಿ ಬಾಟಲಿಗಳಿವೆ ಅಂತಲೇ ತಿಳಿದಂತಿತ್ತು. ಜೀಪು ಕಂಡ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗು ಆಡುವುದನ್ನು ಹುಡುಗ ಆಡುತ್ತಾನಲ್ಲಪ್ಪ ಅಂದರು. ಆಗ ರೂಪಾಳ ತಾಯಿ ಮೊದಲ ಸಲ ಮಾತಾಡಿದರು. ಅದು ಏನು ಮಾಡುತ್ತದೆ, ತೋರಿಸು ಅಂದರು.

ಎಲ್ಲರೂ ಹಿತ್ತಿಲ ಬಂಡೆಗೆ ಹೋದೆವು. ಬೇಲಿಯ ಆಚೆ ಅರ್ಧ ಊರು ನಿಂತಿತ್ತು. ಜೀಪು ಸಪಾಟು ದಾಟಿ, ಕಡಿದಾದಲ್ಲಿ ಒಂದೊಂದೇ ಗಾಲಿಯಿಟ್ಟು ಏರಿ, ಬಿರುಕಿನ ಹತ್ತಿರ ಮೂತಿ ಎತ್ತಿ, ಹಿಂದಕ್ಕೆ ಪಲ್ಟಿ ಹೊಡೆದು ಉರುಳುರುಳಿ ಕೆಳಗೆ ಬಂತು. ಜನ ನಕ್ಕರು. ಚಿಕ್ಕಪ್ಪ ಹೋಗಿ ಎತ್ತಿಕೊಂಡು ಬಂದು ಮತ್ತೆ ಬಿಟ್ಟ. ಮತ್ತೆ ಬಿತ್ತು. ಕುಕ್ಕರುಗಾಲಲ್ಲಿ ಕೂತು ಯೋಚಿಸಿದ. ಭಾರ ಹಿಂದಾಯಿತು ಅಂತ ಬ್ಯಾಟರಿ ಬಿಚ್ಚಿ ಮೂತಿಯ ಹತ್ತಿರ ಇಟ್ಟು, ನನ್ನ ಜಡೆಯ ರಬ್ಬರ್‌ಬ್ಯಾಂಡ್ ಕೇಳಿ ಪಡೆದು ಬಿಗಿದ. ಈ ಸಲ ಬಿರುಕು ದಾಟಿತು. ನುಣ್ಣನೆಯ ನೆತ್ತಿಯಲ್ಲಿ ಜಾರಿ, ಪಕ್ಕಕ್ಕೆ ವಾಲಿ, ಧಡಕ್ಕನೆ ಬಿತ್ತು. ಸೋದರಮಾವ ಏನೇನೋ ಚೇಷ್ಟೆ ಮಾಡಿದರು, ಬೇಲಿಯಾಚೆಯವರು ಶಿಳ್ಳೆ ಹೊಡೆದರು. ಅವರೆಲ್ಲರ ಮೇಲೆ ನನಗೆ ಕೆಂಡದಂಥ ಸಿಟ್ಟು. ಚಿಕ್ಕಪ್ಪ ಅವರ ಜೊತೆ ತಾನೂ ನಕ್ಕು, ಜೀಪಿನ ಮಣ್ಣು ಒರೆಸಿ, ಮತ್ತೆ ಬುಡದಲ್ಲಿಟ್ಟ. ಬ್ಯಾಟರಿ ಮುಗಿಯುವವರೆಗೂ ಇಟ್ಟ. ಆಮೇಲೆ ಎದ್ದು ನಿಂತು, ಇವತ್ತು ಹತ್ತಲಿಲ್ಲ ಅಂದ. ಅಷ್ಟೇ.

ಮನೆಯ ಕಡೆ ತಿರುಗುವಾಗ ಸೋದರಮಾವ ತಂಗಿಯ ಕಿವಿಯಲ್ಲಿ, ಇದು ಆಗುವ ಮಾತಲ್ಲ, ಹೊರಡೋಣ ಅಂದರು. ನಾನು ಅವರ ಹಿಂದೆಯೇ ಇದ್ದೆ. ಆಕೆ ನಿಂತುಬಿಟ್ಟರು.

“ಅಷ್ಟು ಜನದ ಮುಂದೆ ಅಷ್ಟು ಸಲ ಬಿತ್ತಣ್ಣ,” ಅಂದರು. “ಹುಡುಗ ಗಾಡಿ ಮ್ಯಾಲೂ ಸಿಡುಕ್ಲಿಲ್ಲ, ನಕ್ಕೋರ ಮ್ಯಾಲೂ ಸಿಡುಕ್ಲಿಲ್ಲ. ನನ್ನ ಮಗಳಿಗೆ ಇನ್ನೇನು ಬೇಕು? ನಾವು ಕೊಡಾಣ.”

ಅನ್ನ ಆರಿದರೆ ತಟ್ಟೆ ಎಸೆಯುವ ಗಂಡನ ಜೊತೆ ಆಕೆ ಬಾಳು ಕಳೆದಿದ್ದರು ಅನ್ನುವುದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ರೂಪಾ ಚಿಕ್ಕಮ್ಮನ ಬಾಯಿಂದಲೇ. ಮದುವೆಯಾಯಿತು, ಅದೇ ಯುಗಾದಿಯ ಹೊತ್ತಿಗೆ ಜೀಪು ಬಂಡೆಯ ನೆತ್ತಿಗೆ ಹತ್ತಿತು. ಆಗ ರಿಮೋಟ್ ಇದ್ದದ್ದು ಚಿಕ್ಕಮ್ಮನ ಕೈಯಲ್ಲಿ.

ಈಗ ದುರ್ಗದ ಹುಡುಗರು ಭಾನುವಾರ ಗುಂಪು ಕಟ್ಟಿಕೊಂಡು ಇಂಥ ಕಾರುಗಳನ್ನು ಬಂಡೆ ಹತ್ತಿಸುತ್ತಾರೆ. ಗೇರು ಕಚ್ಚಿಕೊಂಡರೆ ನರೆಗೂದಲಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಬರುತ್ತಾರೆ, ಊರಿನವರೂ ಹೆಮ್ಮೆಯಿಂದ ಮನೆ ತೋರಿಸುತ್ತಾರೆ. ನನಗೆ ಅದು ನೋಡಿ ಸಂತೋಷ. ಚಿಂತೆ ಇರುವುದು ಬೇರೆ ಕಾರಣಕ್ಕೆ. ಈಗ ನನಗೆ ಗಂಡು ನೋಡುತ್ತಿದ್ದಾರೆ. ಮನೆ ನೋಡಲು ಯಾರೂ ಹೋಗುವುದಿಲ್ಲ. ಫೋನಿಗೆ ಫೋಟೊ ಬರುತ್ತದೆ, ಓದು, ಸಂಬಳ ಬರುತ್ತದೆ, ಒಪ್ಪಿದರೆ ದುರ್ಗದ ಹೋಟೆಲೊಂದರಲ್ಲಿ ಎದುರುಬದುರು ಕೂರಿಸುತ್ತಾರೆ. ಬಂದವರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ನಗುನಗುತ್ತಾ ಮಾತಾಡುತ್ತಾರೆ, ಯಾರಲ್ಲೂ ಒಂದು ಕುಂದಿಲ್ಲ. ಹೇಗನ್ನಿಸಿತು ಅಂತ ಅಪ್ಪ ಕೇಳುತ್ತಾನೆ. ಬಿದ್ದಾಗ ಸಿಡುಕುವವನೋ ಅಲ್ಲವೋ ಅಂತ ನಾನು ಹೇಗೆ ಹೇಳಲಿ? ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾರೂ ಬೀಳುವುದಿಲ್ಲವಲ್ಲ.