ನಮ್ಮ ನೌಕೆಗೆ ಮಾವನವರ ದಾರಿ

ಗೆಳತಿಯರೇ, ಇವತ್ತು ನನ್ನ ಪ್ರೋಗ್ರಾಂ ಮಾವನವರೆದುರು ಸೋತಿತು!

ಇಂಟರ್ನೆಟ್ಟಿನ ಬಾಹ್ಯಾಕಾಶ ವ್ಯಾಪಾರದ ಆಟದಲ್ಲಿ ಅದಿರು ಚೆನ್ನಾಗಿ ಮಾರಿದರೆ ನಮಗೆ ದೊಡ್ಡ ನೌಕೆ ಸಿಗುತ್ತಿತ್ತು. ಯಾವ ಗ್ರಹದಲ್ಲಿ ಒಳ್ಳೆಯ ದರವಿದೆಯೆಂದು ಪಟ್ಟಿ ಕೊಡುವ ಪ್ರೋಗ್ರಾಂ ನಾನೇ ಬರೆದು, ಆಟಗಾರರಿಗೆಲ್ಲ ಹಂಚಿದ್ದೆ. ನಾನೂ ನನ್ನವರೂ ಪಟ್ಟಿಯ ಮೊದಲ ಗ್ರಹಕ್ಕೆ ಹೊರಟಿದ್ದೆವು. ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುವ ಮಾವ ಹಿಂದೆಯೇ ನಿಂತಿದ್ದರು.

“ಎಲ್ಲಾರಿಗೂ ಹೇಳಿಯೇನವ್ವಾ? ಹಂಗಾರ ಎಲ್ಲಾರೂ ಅಲ್ಲೇ ಓಡ್ತಾರ, ದರ ಬೀಳ್ತದ!”

“ಮತ್ತೆಲ್ಲಿ ಮಾರೂಣ್ರಿ, ಮಾವಾರ?”

ಮಾವ ತೊಗರಿ ಬಜಾರಿನಲ್ಲಿ ದರ ಬೇರೆಯವರಿಗೆ ತಿಳಿಯದಂತೆ ಹೇಳುವ ಹಾಗೆ, ಟವೆಲ್ಲಿನ ಕೆಳಗೆ ಮಗನ ಬೆರಳು ಒತ್ತಿ ಗುಟ್ಟು ಹೇಳಿ, ಟವೆಲ್ ಅಲ್ಲೇ ಬಿಟ್ಟು ಹೋದರು.

“ಏನಂದ್ರು?” ಎಂದೆ. ನನ್ನವರೂ ಟವೆಲ್ಲಿನ ಕೆಳಗೇ ನನ್ನ ಕೈ ಹಿಡಿದು ಎರಡು ಬೆರಳು ಒತ್ತಿದರು. ಪಟ್ಟಿಯ ಎರಡನೆಯ ಗ್ರಹದಲ್ಲಿ ಮಾರಿದೆವು, ನೌಕೆ ಬಂತು!

ನನ್ನ ಕೈ ಮಾತ್ರ ಅವರು ಇನ್ನೂ ಬಿಟ್ಟಿಲ್ಲ. ಇದನ್ನು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.